ತಲೆ ಇರುವ ಕಡೆ ಮೇಲು

ವೆಲ್ಡಾ ಕ್ರೂನ್ ನಲವತ್ತಾರನೇ ವಯಸ್ಸಿನಲ್ಲಿ ನರ್ಸ್ ಓದಲು ಹೊರಟದ್ದು ಜನಸೇವೆ ಮಾಡೋಣ ಅಂತಲ್ಲ. ಯಾರಾದರೂ ನಿಮಗೆ ಹಾಗೆ ಹೇಳಿದ್ದರೆ ಅವರು ಅವಳ ಹತ್ತಿರ ಐದು ನಿಮಿಷವೂ ಕೂತವರಲ್ಲ. ಅವಳು ಹೊರಟದ್ದು ಬರೀ ಹಟಕ್ಕೆ, ಅದೂ ಒಂದು ಕುರ್ಚಿಯ ಮೇಲಿನ ಹಟಕ್ಕೆ.

ಆ ಕುರ್ಚಿ ಇದ್ದದ್ದು ನಮ್ಮೂರ ಹಂದಿ ಕಾರ್ಖಾನೆಯ ಔಷಧಿ ಕೋಣೆಯಲ್ಲಿ. ಅಯೋವಾ ರಾಜ್ಯದ ಈ ಮೂಲೆಯಲ್ಲಿ ಹುಟ್ಟಿದವರು ಒಂದೋ ಜೋಳ ಬೆಳೆಯಬೇಕು, ಇಲ್ಲ ಹಂದಿ ಕೊಯ್ಯಬೇಕು. ವೆಲ್ಡಾಳ ಅಪ್ಪನಿಗೆ ಹೊಲವಿರಲಿಲ್ಲ. ಹಾಗಾಗಿ ಅಪ್ಪ ಕೊಯ್ದ, ಅವಳೂ ಕೊಯ್ದಳು. ಹತ್ತೊಂಬತ್ತು ವರ್ಷ ಒಳಾಂಗ ತೆಗೆಯುವ ಸಾಲಿನಲ್ಲಿ ನಿಂತಳು. ಗಂಟೆಗೆ ಸಾವಿರ ಹಂದಿ, ಹಿಂಗಾಲಿಗೆ ಕೊಕ್ಕೆ ಸಿಕ್ಕಿಸಿಕೊಂಡು, ತಲೆ ಕೆಳಗಾಗಿ ನೇತಾಡುತ್ತ ಅವಳ ಮುಂದೆ ಸಾಗುತ್ತಿದ್ದವು. ಕೈ ಒಳಗೆ ಹಾಕು, ಒಂದು ಗೀರು, ಒಂದು ಎಳೆತ, ಮುಂದಿನದು. ಮೂತ್ರಪಿಂಡ ಎಲ್ಲಿದೆ ಅಂತ ಅವಳ ಬೆರಳಿಗೇ ಗೊತ್ತಿತ್ತು, ಕಣ್ಣು ಬೇಕಿರಲಿಲ್ಲ. ಗಂಡ ರಾಯ್ ಲಾರಿ ಓಡಿಸಿಕೊಂಡು ಹೋದವನು ನೆಬ್ರಾಸ್ಕಾದಲ್ಲಿ ಇನ್ನೊಬ್ಬಳ ಮನೆ ಮುಂದೆ ಆ ಲಾರಿ ನಿಲ್ಲಿಸಿಕೊಂಡ. ಅದಕ್ಕೂ ಅವಳು ಒಂದು ದಿನ ರಜೆ ಹಾಕಲಿಲ್ಲ.

ಆಮೇಲೆ ಬಲಭುಜ ಕೈಕೊಟ್ಟಿತು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಕಣ್ಣಲ್ಲಿ ನೀರು ಬರುವಷ್ಟು ನೋವು. ಔಷಧಿ ಕೋಣೆಗೆ ಹೋದಳು. ಅಲ್ಲಿ ಹಸಿರು ರೆಕ್ಸಿನ್ ಕುರ್ಚಿಯಲ್ಲಿ ಕಂಪನಿಯ ನರ್ಸ್ ಮಾರ್ಜೀನ್ ಕೂತಿದ್ದಳು. ಮಾರ್ಜೀನಳ ಮದ್ದು ಏನಪ್ಪಾ ಅಂದರೆ, ಒಂದು ಚೀಲ ಐಸ್, ಎರಡು ಮಾತ್ರೆ, ಆಮೇಲೆ "ಹೋಗು, ಸಾಲಿಗೆ ಹೋಗು." ಕೈ ಮುರಿದವನಿಗೂ ಅದೇ, ಗಂಟಲು ಕೆಟ್ಟವನಿಗೂ ಅದೇ. ಮೂರನೇ ಸಲ ವೆಲ್ಡಾ ಹೋದಾಗ ಆ ಹೆಂಗಸು ತಲೆ ಎತ್ತಿಯೂ ನೋಡಲಿಲ್ಲ.

"ಭುಜಕ್ಕೇನೂ ಆಗಿಲ್ಲ ಕಣೇ. ವಯಸ್ಸಾಯ್ತು ಅಷ್ಟೇ."

"ಮುಟ್ಟಿ ನೋಡದೇ ಹೇಗೆ ಹೇಳ್ತೀಯ?"

"ಓದಿರೋಳು ನಾನೋ, ನೀನೋ?"

ವೆಲ್ಡಾ ಐಸ್ ಚೀಲವನ್ನು ಅವಳ ಮೇಜಿನ ಮೇಲಿನ ಕಾಗದಗಳ ಮೇಲೆ ಧಪ್ ಅಂತ ಇಟ್ಟಳು. "ಆ ಕುರ್ಚಿ ಬೆಚ್ಚಗೆ ಇಟ್ಕೊಂಡಿರು. ನಾನೇ ಬಂದು ಕೂರ್ತೀನಿ," ಅಂದಳು. ಮಾರ್ಜೀನ್ ನಕ್ಕಳು. ಆ ನಗು ವೆಲ್ಡಾಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ನರ್ಸಿಂಗಿಗೆ ಸೇರಬೇಕಾದರೆ ಮೊದಲು ಕಮ್ಯುನಿಟಿ ಕಾಲೇಜಿನಲ್ಲಿ ಮನುಷ್ಯ ದೇಹದ ರಚನೆ, ಅದು ನಡೆಯುವ ಬಗೆ, ಎರಡನ್ನೂ ಓದಿ ಪಾಸಾಗಬೇಕು. ಲ್ಯಾಬ್ ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತು ಬರಲೇಬೇಕು. ಅವಕಾಶ ಎರಡು ಸಲ ಮಾತ್ರ. ಎರಡನೇ ಸಲವೂ ಹೋಯಿತೋ, ನರ್ಸಿಂಗ್ ಬಾಗಿಲು ಮುಚ್ಚಿದ ಹಾಗೆಯೇ. ವೆಲ್ಡಾ ಹಗಲು ಎಡಗೈಯಲ್ಲಿ ಚಾಕು ಹಿಡಿದು ದುಡಿದು, ಸಂಜೆ ಆರಕ್ಕೆ ಕ್ಲಾಸಿಗೆ ಬರುತ್ತಿದ್ದಳು. ಎಷ್ಟು ತಿಕ್ಕಿ ತೊಳೆದರೂ ಕೂದಲಲ್ಲಿ ಬ್ಲೀಚಿನ ವಾಸನೆ, ಅದರ ಕೆಳಗೆ ಹಂದಿಯ ವಾಸನೆ. ಅವಳ ಅಕ್ಕಪಕ್ಕದ ಕುರ್ಚಿ ಯಾವಾಗಲೂ ಖಾಲಿ ಇರುತ್ತಿತ್ತು.

ಪಾಠ ಹೇಳುವವನು ಡಾಕ್ಟರ್ ಸ್ಟ್ರಾಂಡ್. ರೋಗಿ ನೋಡುವ ಡಾಕ್ಟರಲ್ಲ, ಪುಸ್ತಕದ ಡಾಕ್ಟರ್. ಸರ್ಜನ್ ಆಗಬೇಕು ಅಂತ ಹೊರಟು, ಆಗದೆ, ಜೋಳದ ಹೊಲಗಳ ನಡುವಿನ ಈ ಕಾಲೇಜಿಗೆ ಬಂದು ಬಿದ್ದವನು. ಮೂವತ್ತು ವರ್ಷವಾದರೂ ಆ ಸಿಟ್ಟು ಇಳಿದಿರಲಿಲ್ಲ. ಬೋ ಟೈ ಕಟ್ಟಿಕೊಂಡು ಬರುತ್ತಿದ್ದ. ಈ ಊರಲ್ಲಿ ಬೋ ಟೈ ಕಟ್ಟುವುದು ಹೆಣಕ್ಕೆ ಮಾತ್ರ, ಅದೂ ಮನೆಯವರು ಹಟ ಹಿಡಿದರೆ. ಮನುಷ್ಯನ ದೇಹದ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಇರಲಿಲ್ಲ, ಮನುಷ್ಯರ ಬಗ್ಗೆ ಗೊತ್ತಿದ್ದದ್ದು ಏನೂ ಇರಲಿಲ್ಲ.

ಮೊದಲ ಪರೀಕ್ಷೆಯಲ್ಲೇ ವೆಲ್ಡಾ ಅವನ ಬಾಯಿಗೆ ಸಿಕ್ಕಿಬಿದ್ದಳು. ಬೆನ್ನುಮೂಳೆಯ ಒಳಪಕ್ಕ, ಸೊಂಟದಿಂದ ತೊಡೆಗೆ ಇಳಿಯುವ ಉದ್ದನೆ ಸ್ನಾಯುವಿಗೆ ಗುಂಡುಸೂಜಿ ಚುಚ್ಚಿ ಹೆಸರು ಕೇಳಿದ್ದ. ಪುಸ್ತಕದಲ್ಲಿ ಅದಕ್ಕೆ ಸೋವಾಸ್ ಅಂತ ಹೆಸರು. ಲಕ್ಷಾಂತರ ಸಲ ಹಂದಿಯ ಒಳಗೆ ಅದನ್ನೇ ಮುಟ್ಟಿದ್ದ ವೆಲ್ಡಾ ಯೋಚನೆಯೇ ಮಾಡದೆ 'ಟೆಂಡರ್‌ಲಾಯ್ನ್' ಅಂತ ಬರೆದಳು. ನಮ್ಮೂರ ಪ್ರತಿ ಬಾರಿನಲ್ಲೂ ಹಂದಿಮಾಂಸದ ತುಂಡನ್ನು ಬನ್ನಿಗಿಂತ ಎರಡು ಪಟ್ಟು ಅಗಲ ಬಡಿದು, ಕರಿದು, ಉಪ್ಪಿನಕಾಯಿ ಸೌತೆ ಜೊತೆ ಕೊಡುತ್ತಾರಲ್ಲ, ಆ ಟೆಂಡರ್‌ಲಾಯ್ನ್.

ಸ್ಟ್ರಾಂಡ್ ಆ ಹಾಳೆ ಎತ್ತಿ ಹಿಡಿದು ಇಡೀ ಕ್ಲಾಸಿಗೆ ಓದಿದ. "ಮಿಸೆಸ್ ಕ್ರೂನ್, ರೋಗಿಯನ್ನ ನೋಡ್ಕೊಳ್ತೀರೋ, ಇಲ್ಲಾ ಈರುಳ್ಳಿ ಹಾಕಿ ಕರೀತೀರೋ?"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ಅವಳ ಹೆಸರು ಕಸಾಯಿ ಕ್ರೂನ್. ಇದನ್ನು ಅವಳು ನುಂಗಿಕೊಂಡಳು, ಯಾಕೆಂದರೆ ತಪ್ಪು ಅವಳದೇ. ಒಂದು ವಾರ ಬಾರಿನ ಕಡೆ ತಲೆ ಹಾಕಲಿಲ್ಲ ಅಷ್ಟೇ. ಆದರೆ ಸೆಮಿಸ್ಟರ್ ಕೊನೆಗೆ ಅರವತ್ತು ಬಂದಾಗ ಅದು ಹೆಸರುಗಳಿಂದ ಹೋದದ್ದಲ್ಲ. ಹೆಸರುಗಳನ್ನು ಅವಳು ಊಟ ಬಿಟ್ಟು ಉರು ಹೊಡೆದಿದ್ದಳು. ಹೋದದ್ದು ಬೇರೆ ಎಲ್ಲೋ. ಎಲ್ಲಿ ಅಂತ ಮಾತ್ರ ತಿಳಿಯಲಿಲ್ಲ. ಕೇಳಲು ಹೋದರೆ ಸ್ಟ್ರಾಂಡ್ ಕೈಗಡಿಯಾರ ನೋಡಿಕೊಂಡ.

"ನಿಮಗೆ ಮೇಲು ಯಾವುದು, ಕೀಳು ಯಾವುದು ಅಂತಲೇ ತಿಳಿಯಲ್ಲವಲ್ಲ. ನಾನೇನು ಮಾಡಲಿ?"

ಅವಳು ಅದನ್ನು ಬೈಗುಳ ಅಂದುಕೊಂಡಳು. ಬೈಗುಳವೇ. ಆದರೆ ಆ ಪುಣ್ಯಾತ್ಮ ಅದರಲ್ಲಿ ಅವಳ ರೋಗವನ್ನೇ ಹೇಳಿದ್ದ, ಮದ್ದು ಹೇಳುವ ಮನಸ್ಸಿರಲಿಲ್ಲ.

ಎರಡನೇ ಸಲ ಅದೇ ಕ್ಲಾಸು, ಅದೇ ಬೋ ಟೈ. ಈ ಸಲ ಲ್ಯಾಬಿನಲ್ಲಿ ಜೋಡಿಯಾಗಿ ಕೂರಿಸಿದ್ದು ಕೆನ್ನಾ ಬ್ರೂಲ್ ಅನ್ನೋ ಹುಡುಗಿಯ ಜೊತೆ. ಹತ್ತೊಂಬತ್ತು ವರ್ಷ, ಉಗುರಿಗೆ ಬಣ್ಣ, ನಾಲಗೆಗೆ ಎಲುಬಿಲ್ಲ. ಮೊದಲ ದಿನವೇ ಮೂಗಿನ ಕೆಳಗೆ ಪುದೀನ ಎಣ್ಣೆ ಸವರಿಕೊಂಡು ಬಂದಳು. "ಹೆಣದ ವಾಸನೆಗಲ್ಲಮ್ಮ, ನಿನ್ನ ವಾಸನೆಗೆ," ಅಂತ ಮುಖಕ್ಕೇ ಹೇಳಿದಳು. ವೆಲ್ಡಾ, "ನಿನ್ನ ಸೆಂಟಿಗಿಂತ ಹಂದಿಯೇ ವಾಸಿ," ಅಂದಳು. ಆಮೇಲೆ ಮೂರು ವಾರ ಇಬ್ಬರೂ ಸೂಜಿ ಕೊಡು, ಕತ್ತರಿ ಕೊಡು ಅಂತ ಬಿಟ್ಟು ಬೇರೆ ಮಾತಾಡಲಿಲ್ಲ.

ನಾಲ್ಕನೇ ವಾರ ಕೆನ್ನಾ ವೆಲ್ಡಾಳ ಉತ್ತರದ ಹಾಳೆ ನೋಡುತ್ತ ಕಿಸಕ್ಕನೆ ನಕ್ಕಳು. ದೇಹದ ಚಿತ್ರವನ್ನು ಉಲ್ಟಾ ತಿರುಗಿಸಿ ಮೇಜಿನ ಮೇಲಿಟ್ಟಳು, ತಲೆ ಕೆಳಗೆ, ಕಾಲು ಮೇಲೆ.

"ಅಯ್ಯೋ ದೇವರೇ, ಎಲ್ಲಾರೂ ನೋಡ್ರೋ! ಹೀಗಿಟ್ರೆ ಈ ಅಜ್ಜಿ ಬರೆದಿದ್ದೆಲ್ಲಾ ಸರಿ! ಇವಳು ಮನುಷ್ಯರನ್ನ ಕೊಕ್ಕೆಗೆ ನೇತುಹಾಕಿಕೊಂಡು ಓದ್ತಾಳೆ!"

ಮತ್ತೆ ಕ್ಲಾಸು ನಕ್ಕಿತು. ವೆಲ್ಡಾ ಆ ಚಿತ್ರವನ್ನೇ ನೋಡುತ್ತ ಕೂತಳು. ದೇಹಶಾಸ್ತ್ರದಲ್ಲಿ ಮೇಲು ಅಂದರೆ ತಲೆಯ ಕಡೆ, ಕೀಳು ಅಂದರೆ ಕಾಲಿನ ಕಡೆ. ದೇಹ ನಿಂತಿರಲಿ, ಬಿದ್ದಿರಲಿ, ತೊಲೆಗೆ ತೂಗುತ್ತಿರಲಿ, ಲೆಕ್ಕ ಅದೇ. ಅವಳಿಗೋ ಹತ್ತೊಂಬತ್ತು ವರ್ಷ ಮೇಲೆ ಕಂಡದ್ದು ಕಾಲು, ಕೆಳಗೆ ಕಂಡದ್ದು ತಲೆ. ಮೂತ್ರಪಿಂಡದ ನೆತ್ತಿಗೆ ಟೋಪಿಯ ಹಾಗೆ ಕೂತಿರುವ ಗ್ರಂಥಿಯನ್ನು ಅವಳು ಯಾವತ್ತೂ ಮೂತ್ರಪಿಂಡದ ಕೆಳಗೇ ನೋಡಿದ್ದಳು, ಕೆಳಗೇ ಅಂತ ಬರೆದಿದ್ದಳು. ಒಂದಲ್ಲ, ಎರಡಲ್ಲ, ಅಂಥ ಇಪ್ಪತ್ತು ಉತ್ತರ. ಇಷ್ಟು ಸಣ್ಣ ವಿಷಯವನ್ನು ಹೇಳಲು ಆ ಮಹಾನುಭಾವನಿಗೆ ಒಂದು ನಿಮಿಷ ಸಾಕಿತ್ತು. ಅದನ್ನು ನೆನೆಸಿಕೊಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಮರುದಿನದಿಂದ ಸಾಲಿನಲ್ಲಿ ಅವಳದು ಒಂದೇ ಜಪ. ಹಂದಿ ಮುಂದೆ ಬಂದ ಕೂಡಲೇ ಅದರ ಮೂತಿಯ ಕಡೆ, ಅಂದರೆ ನೆಲದ ಕಡೆ, ಗದ್ದ ತಿರುಗಿಸಿ "ಮೇಲೆ" ಅನ್ನುವಳು. ಮುಂದಿನ ಹಂದಿ, "ಮೇಲೆ." ಗಂಟೆಗೆ ಸಾವಿರ. ಪಕ್ಕದಲ್ಲಿ ನಿಂತವನು ಕಿವಿಯ ಹತ್ತಿರ ಬೆರಳು ತಿರುಗಿಸಿ, ಇವಳಿಗೆ ಲೂಸಾಗಿದೆ ಅಂತ ಉಳಿದವರಿಗೆ ಸನ್ನೆ ಮಾಡಿದ. "ನಿಂಗೇನೋ ಕಷ್ಟ?" ಅಂತ ಅವನಿಗೂ ಉಗಿದಳು. ಮೂರು ತಿಂಗಳು ನೆಲ ನೋಡಿಕೊಂಡು ಮೇಲೆ, ಮೇಲೆ ಅಂದಳು. ಕೊನೆಕೊನೆಗೆ ಮನೆಯಲ್ಲಿ ಮೆಟ್ಟಿಲು ಹತ್ತುವಾಗಲೂ ಒಂದು ಕ್ಷಣ ತಡೆದು ನಿಲ್ಲುವಂತಾಯಿತು.

ಪರೀಕ್ಷೆಯ ಹಿಂದಿನ ದಿನ ಸ್ಟ್ರಾಂಡ್ ಪುಸ್ತಕ ಮುಚ್ಚಿ ಕ್ಲಾಸಿನ ಕಡೆ ನೋಡಿದ. ಕಣ್ಣು ನಿಂತದ್ದು ವೆಲ್ಡಾಳ ಮೇಲೆ.

"ನಾಳೆ ನಿಮ್ಮಲ್ಲೊಬ್ಬರಿಗೆ ತವರುಮನೆ ನೆನಪಾಗೋ ಹಾಗೆ ಒಂದು ವಸ್ತು ಇಡ್ತೀನಿ," ಅಂದ.

ಲ್ಯಾಬಿನಲ್ಲಿ ಐವತ್ತು ಕಡೆ ಪ್ರಶ್ನೆ, ಒಂದೊಂದಕ್ಕೆ ಒಂದು ನಿಮಿಷ, ಎರಡೆರಡು ಅಂಕ. ಗಂಟೆ ಬಾರಿಸಿದ ಕೂಡಲೇ ಮುಂದಕ್ಕೆ ಸರಿಯಬೇಕು. ಇಪ್ಪತ್ತಾರು ಜನ ಉತ್ತರದ ಹಾಳೆ ಸಿಕ್ಕಿಸಿದ ಹಲಗೆ ಹಿಡಿದು ಸಾಲಾಗಿ ಹೊರಟರು. ಮೂಳೆ, ಗುಂಡಿಗೆಯ ಮಾದರಿ, ಗಾಜಿನಲ್ಲಿಟ್ಟ ಮಿದುಳು. ಮೂವತ್ತೊಂದನೆಯ ಮೇಜಿಗೆ ಬಂದಾಗ ವೆಲ್ಡಾಗೆ ತವರುಮನೆ ಸಿಕ್ಕಿತು. ಕಬ್ಬಿಣದ ಕಂಬಕ್ಕೆ ಒಂದು ಹಂದಿಮರಿಯ ಹೆಣವನ್ನು ಹಿಂಗಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿದ್ದ. ಹೊಟ್ಟೆ ಸೀಳಿ ತೆರೆದಿತ್ತು, ಒಳಗೆ ಬಣ್ಣ ಬಣ್ಣದ ಐದು ಸೂಜಿ. ಮೂವತ್ತೊಂದರಿಂದ ಮೂವತ್ತೈದರ ತನಕ ಅದೇ ಮರಿ. ಪಕ್ಕದ ಚೀಟಿಯಲ್ಲಿ 'ಮನುಷ್ಯ ದೇಹದ ನಿಯಮದಂತೆ ಉತ್ತರಿಸಿ' ಅಂತ ಬರೆದಿತ್ತು. ಕೆಂಪು ಸೂಜಿ ಹಸಿರಿಗಿಂತ ಮೇಲಿದೆಯೋ ಕೆಳಗಿದೆಯೋ? ಗ್ರಂಥಿ ಮೂತ್ರಪಿಂಡದ ಯಾವ ತುದಿಯಲ್ಲಿದೆ? ಎಲ್ಲಾ ಇಂಥವೇ.

ಸ್ಟ್ರಾಂಡ್ ಗೋಡೆಗೆ ಒರಗಿ ನೋಡುತ್ತಿದ್ದ. ವೆಲ್ಡಾಗೆ ಮೊದಲು ಸಿಟ್ಟು ನೆತ್ತಿಗೇರಿತು. ಎಲಾ ಇವನ, ಇಷ್ಟು ದೊಡ್ಡ ಮನುಷ್ಯ, ನನ್ನೊಬ್ಬಳನ್ನು ಅಣಕಿಸಲು ಕುಣಿಕೆ ಕಟ್ಟಿಕೊಂಡು ಕೂತಿದ್ದನಲ್ಲ ಅಂತ ಅನ್ನಿಸಿತು. ಆಮೇಲೆ ಮರಿಯ ಮೂತಿಯ ಕಡೆ ಗದ್ದ ತಿರುಗಿಸಿ, ತುಟಿ ಅಲುಗಿಸದೆ "ಮೇಲೆ" ಅಂದುಕೊಂಡಳು. ಐದು ಉತ್ತರ ಬರೆಯಲು ಅವಳಿಗೆ ಐದು ನಿಮಿಷ ಬೇಕಾಗಲಿಲ್ಲ. ಅವಳ ಹಿಂದೆ ಬಂದ ಕೆನ್ನಾ ಹಂದಿಯನ್ನು ನೋಡಿ, ಹಲಗೆ ನೋಡಿ, ಮತ್ತೆ ಹಂದಿಯನ್ನು ನೋಡಿ, ಪೆನ್ನಿನ ತುದಿ ಕಚ್ಚುತ್ತ ನಿಂತಳು.

ಎರಡು ದಿನಕ್ಕೆ ಬಾಗಿಲ ಮೇಲೆ ಅಂಕ ಅಂಟಿಸಿದರು. ಕ್ರೂನ್, ಎಂಬತ್ತು. ಸರಿಯಾಗಿ ಎಂಬತ್ತು, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಬ್ರೂಲ್, ಎಪ್ಪತ್ನಾಲ್ಕು. ವೆಲ್ಡಾ ಅವತ್ತು ಬಾರಿಗೆ ಹೋಗಿ ಒಂದು ಇಡೀ ಟೆಂಡರ್‌ಲಾಯ್ನ್ ತಿಂದಳು, ಸೋವಾಸ್ ಅಂತ ಹೆಸರು ಹೇಳಿಯೇ ತಿಂದಳು.

ಆ ಖುಷಿ ಜೀರ್ಣವಾಗುವ ಮೊದಲೇ ಕ್ಲಾಸಿನ ಮಕ್ಕಳೆಲ್ಲ ಗುಂಪು ಕಟ್ಟಿಕೊಂಡು ಸ್ಟ್ರಾಂಡನ ಬಾಗಿಲಿಗೆ ಹೋದರು. ತಲೆಕೆಳಗಾದ ಹಂದಿ ಪಾಠದಲ್ಲಿರಲಿಲ್ಲ, ಅದು ಮೋಸ ಅಂತ ಬೊಬ್ಬೆ. ನೋಡಿದರೆ ಐದಕ್ಕೆ ಐದೂ ಸರಿ ಬರೆದವಳು ಇಡೀ ಕ್ಲಾಸಿಗೆ ಒಬ್ಬಳೇ, ಕಸಾಯಿ ಕ್ರೂನ್. ಅವಳಿಗಾಗಿ ತೋಡಿದ ಗುಂಡಿಯಲ್ಲಿ ಉಳಿದ ಇಪ್ಪತ್ತೈದು ಜನ ಬಿದ್ದಿದ್ದರು. ಸ್ಟ್ರಾಂಡ್ ಏನು ಮಾಡಿದ ಅಂತೀರಿ? ಐದು ಪ್ರಶ್ನೆಯನ್ನೂ ಎಲ್ಲರಿಗೂ ಹೊಡೆದುಹಾಕಿದ. ಹೊಸ ಹಾಳೆ ಅಂಟಿತು. ಈಗ ತೊಂಬತ್ತಕ್ಕೆ ಎಷ್ಟು ಬಂತೋ ಅದನ್ನೇ ನೂರಕ್ಕೆ ಏರಿಸಿದ ಲೆಕ್ಕ. ಬ್ರೂಲ್, ನೂರಕ್ಕೆ ಎಂಬತ್ತೆರಡು. ಕ್ರೂನ್, ಎಪ್ಪತ್ತೇಳು ಚಿಲ್ಲರೆ.

ಎರಡನೇ ಸಲ. ಬಾಗಿಲು ಮುಚ್ಚಿತು. ವೆಲ್ಡಾ ಆ ಹಾಳೆಯ ಮುಂದೆ ನಿಂತು ಮೂರು ಸಲ ಓದಿದಳು. ಮಾರ್ಜೀನಳ ನಗು ಕಿವಿಯಲ್ಲೇ ಕೇಳಿಸಿತು. ಅಳು ಬಂತು, ಅತ್ತಳು ಕೂಡ, ಹೆಂಗಸರ ಬಚ್ಚಲಿನಲ್ಲಿ, ನೀರು ಬಿಟ್ಟುಕೊಂಡು. ಆಮೇಲೆ ಮುಖ ತೊಳೆದು, ಅಂಟಿಸಿದ್ದ ಹಾಳೆಯನ್ನು ಬಾಗಿಲಿನಿಂದ ಕಿತ್ತುಕೊಂಡು ನೇರ ಡೀನ್ ಟೆಸ್ಮರಮ್ಮನ ಕೋಣೆಗೆ ನುಗ್ಗಿದಳು. ಡೀನ್ ಕುಂಬಳಕಾಯಿ ಕೇಕಿನ ತುಂಡು ಬಾಯಿಗಿಡುತ್ತಿದ್ದವಳು ಹಾಗೇ ಕೆಳಗಿಟ್ಟು, ಸ್ಟ್ರಾಂಡನನ್ನು ಕರೆಸಿದಳು.

"ಇಡೀ ತರಗತಿ ತಪ್ಪು ಮಾಡಿದ ಪ್ರಶ್ನೆ ಒಳ್ಳೆ ಪ್ರಶ್ನೆಯಲ್ಲ," ಅಂದ ಅವನು, ಕೂರದೆ. "ನ್ಯಾಯ ಎಲ್ಲರಿಗೂ ಒಂದೇ."

"ಇಡೀ ತರಗತಿಯಲ್ಲ ಸರ್, ಒಬ್ಬಳನ್ನ ಬಿಟ್ಟು," ಅಂದಳು ವೆಲ್ಡಾ. "ಒಂದು ಮಾತು ಕೇಳ್ತೀನಿ. ಆ ಮರೀನ ಯಾಕೆ ನೇತುಹಾಕಿದ್ರಿ?"

"ಅದು ನನ್ನ ಇಷ್ಟ."

"ಇಷ್ಟ ಅಂತೆ! ಎರಡರಲ್ಲಿ ಒಂದು ಹೇಳಿ. ಅದು ಪ್ರಶ್ನೆ ಆಗಿದ್ರೆ ನಾನು ಉತ್ತರ ಕೊಟ್ಟಿದ್ದೀನಿ, ನನ್ನ ಅಂಕ ಕೊಡಿ. ಪ್ರಶ್ನೆ ಅಲ್ಲ, ತಮಾಷೆ ಅಂದ್ರೆ, ಯಾರ ಮೇಲಿನ ತಮಾಷೆ ಅಂತ ಈ ಅಮ್ಮನ ಮುಂದೆ ಹೇಳಿ. ತವರುಮನೆ ಅಂದ್ರಲ್ಲ, ಯಾರ ತವರುಮನೆ? ಅವರು ಬರ್ಕೊಳ್ಳಲಿ."

ಟೆಸ್ಮರಮ್ಮ ನಿಜವಾಗಿಯೂ ಪೆನ್ನು ತೆಗೆದಳು. ಸ್ಟ್ರಾಂಡನ ಕಿವಿ ಕೆಂಪಗಾಯಿತು. ಟೈ ಮುಟ್ಟಿಕೊಂಡ, ಕಿಟಕಿ ನೋಡಿದ. ತಮಾಷೆ ಅಂದರೆ ಮೂವತ್ತು ವರ್ಷದ ಮರ್ಯಾದೆ ಹೋಗುತ್ತದೆ, ಪ್ರಶ್ನೆ ಅಂದರೆ ಕಸಾಯಿ ಗೆಲ್ಲುತ್ತಾಳೆ. ಯಾವುದು ಹೆಚ್ಚು ನೋಯುತ್ತದೆ ಅಂತ ಅವನು ತೂಗಿ ನೋಡುತ್ತಿದ್ದದ್ದು ಅವನ ಮುಖದಲ್ಲೇ ಕಾಣುತ್ತಿತ್ತು.

"ಪ್ರಶ್ನೆ," ಅಂದ ಕೊನೆಗೆ. ಆ ಒಂದು ಮಾತು ಹಲ್ಲಿನ ನಡುವಿನಿಂದ ಕಿತ್ತು ತೆಗೆದ ಹಾಗೆ ಬಂತು.

ಮೊದಲಿನ ಹಾಳೆಯೇ ಮತ್ತೆ ಅಂಟಿತು. ಕಾರಿಡಾರಿನಲ್ಲಿ ಸ್ಟ್ರಾಂಡ್ ಅವಳನ್ನು ದಾಟಿ ಹೋಗುವಾಗ ನಿಂತ. "ಅಂಕ ತಗೊಂಡ್ರಿ, ಸರಿ. ನರ್ಸ್ ಆಗ್ತೀನಿ ಅಂದ್ಕೋಬೇಡಿ. ಐಸ್ ಚೀಲ ಹಿಡಿಯೋಳಾಗ್ತೀರಿ, ಅಷ್ಟೇ." ಅವನಿಗೆ ಕುರ್ಚಿಯ ಕತೆ ಗೊತ್ತಿರಲಿಲ್ಲ. ಗೊತ್ತಿಲ್ಲದೇ ಗುರಿಯಿಟ್ಟವನ ಹಾಗೆ ಹೊಡೆದಿದ್ದ. ವೆಲ್ಡಾ ಕಾರಿನ ಕಡೆ ನಡೆದಳು.

ಕಾರು ನಿಲ್ಲಿಸುವ ಜಾಗದಲ್ಲಿ ಕೆನ್ನಾ ಕಾದಿದ್ದಳು. ಕಣ್ಣು ಊದಿತ್ತು, ಕಾಡಿಗೆ ಕೆನ್ನೆಗಿಳಿದಿತ್ತು.

"ನನ್ನ ಸೀಟು ತಿಂದುಬಿಟ್ಟೆಯಲ್ಲೇ, ಹಂದಿ!"

"ನಿನ್ನ ಸೀಟಲ್ಲ ಅದು. ನಿಂಗಿದು ಮೊದಲ್ನೇ ಸಲ, ಇನ್ನೊಂದಿದೆ. ನಂಗಿರ್ಲಿಲ್ಲ." ಪಾಪ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಅನ್ನಿಸಿದ್ದನ್ನು ಆ ಹುಡುಗಿಗೆ ತೋರಿಸುವ ಜಾತಿಯಲ್ಲ ವೆಲ್ಡಾ. ಕಾರಿನ ಬಾಗಿಲು ತೆಗೆಯುತ್ತ, "ತಲೆ ಇರೋ ಕಡೆ ಮೇಲು ಕಣೇ. ಅದನ್ನ ಕಲಿಸಿದ್ದು ನೀನೇ, ನೀನೇ ಮರ್ತೆ," ಅಂದಳು. ಕೆನ್ನಾ ಎಸೆದ ಕಾಫಿ ಲೋಟ ಕಾರಿನ ಹಿಂದಿನ ಗಾಜಿಗೆ ಬಡಿಯಿತು. ಆ ಕಲೆಯನ್ನು ವೆಲ್ಡಾ ಒಂದು ತಿಂಗಳು ತೊಳೆಯಲಿಲ್ಲ.

ಇದೆಲ್ಲ ಆಗಿ ಮೂರು ವರ್ಷಕ್ಕೆ ಮಾರ್ಜೀನ್ ನಿವೃತ್ತಿಯಾದಳು. ಊಟದ ಕೋಣೆಯಲ್ಲಿ ಕೇಕು ಕತ್ತರಿಸಿದರು. ಕಾರ್ಖಾನೆಯ ನರ್ಸ್ ಕೆಲಸಕ್ಕೆ ಅರ್ಜಿ ಹಾಕಿದವಳು, ಅಷ್ಟರಲ್ಲಿ ನರ್ಸಿಂಗ್ ಮುಗಿಸಿದ್ದ ವೆಲ್ಡಾ ಒಬ್ಬಳೇ, ಬೇರೆ ಯಾವ ನರ್ಸಿಗೂ ಆ ವಾಸನೆ ಬೇಕಿರಲಿಲ್ಲ. ಬೀಗದ ಕೈ ಕೊಡುವಾಗ ಮಾರ್ಜೀನ್ ಈ ಸಲ ನಗಲಿಲ್ಲ.

"ಹಟ ಸಾಧಿಸಿದೆ, ಸಂತೋಷ. ಈಗ ಕೇಳು. ದಿನಕ್ಕೆ ಹದಿನಾಲ್ಕು ಚೀಲ ಐಸು ಸಾಕಾಗುತ್ತೆ. ಯಾರನ್ನೂ ಡಾಕ್ಟರ ಹತ್ರ ಕಳಿಸಬೇಡ. ಕಳಿಸಿದ್ರೆ ಮೇಲಿನವರು ನಿನ್ನನ್ನೇ ಕಳಿಸ್ತಾರೆ. ನಾನೇನು ಇಷ್ಟಪಟ್ಟು ಮಾಡ್ತಿದ್ದೆ ಅಂದ್ಕೊಂಡೆಯಾ?"

ಆ ಕುರ್ಚಿಯಲ್ಲಿ ಕೂತಾಗ ರೆಕ್ಸಿನ್ ತಣ್ಣಗಿತ್ತು, ಒಂದು ಕಡೆ ಹರಿದಿತ್ತು. ಇಷ್ಟಕ್ಕಾ ನಾನು ನಾಲ್ಕು ವರ್ಷ ಹೊಡೆದಾಡಿದ್ದು ಅಂತ ಅನ್ನಿಸಿತು ಅವಳಿಗೆ. ಒಂಬತ್ತೂವರೆಗೆ ಮೊದಲ ಗಿರಾಕಿ ಬಂದ, ಒಳಾಂಗದ ಸಾಲಿನವನು, ಬಲಭುಜ ಹಿಡಿದುಕೊಂಡು. ಕೂರಲೂ ಇಲ್ಲ, ಬಾಗಿಲಲ್ಲೇ ಕೈ ಚಾಚಿದ.

"ಐಸ್ ಕೊಡಮ್ಮ, ಹೋಗ್ತೀನಿ."

"ಕೈ ಎತ್ತು."

"ಏನು?"

"ಕೈ ಎತ್ತು ಅಂದೆ. ತಲೆ ಬಾಚ್ಕೊಳ್ಳೋ ಹಾಗೆ."

ಎದೆಮಟ್ಟಕ್ಕೆ ಬರುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು ಬಂತು. ವೆಲ್ಡಾ ಎದ್ದು ಬಂದು ಬೆರಳಿಂದ ಒತ್ತಿ ನೋಡಿದಳು. ಬೆರಳಿಗೆ ಗೊತ್ತಾಯಿತು. ಹರಿದದ್ದು ಯಾವ ಸ್ನಾಯು, ಎಲ್ಲಿ, ಅದರ ಮೇಲಿನ ತುದಿಯೋ ಕೆಳಗಿನ ತುದಿಯೋ, ಎಲ್ಲವನ್ನೂ ಲ್ಯಾಟಿನ್ ಹೆಸರು ಸಮೇತ ಕಾಗದದಲ್ಲಿ ಬರೆದು, ಇವತ್ತೇ ಡಾಕ್ಟರಿಗೆ ತೋರಿಸತಕ್ಕದ್ದು, ಸಾಲಿಗೆ ಮರಳತಕ್ಕದ್ದಲ್ಲ ಅಂತ ಸಹಿ ಹಾಕಿದಳು.

ಹತ್ತು ನಿಮಿಷಕ್ಕೆ ಸಾಲಿನ ಮೇಸ್ತ್ರಿ ಡೆಲ್ ಆ ಕಾಗದ ಹಿಡಿದುಕೊಂಡು ಕೆಂಡವಾಗಿ ಬಂದ.

"ಮೊದಲ್ನೇ ದಿನಾನೇ ಒಬ್ಬನ್ನ ಕಳಿಸ್ತೀಯಾ? ಮೇಲಿನವರನ್ನ ಕೇಳಿದ್ಯಾ?"

"ಮೇಲು ಅಂದ್ರೆ ತಲೆ ಇರೋ ಕಡೆ ಕಣಯ್ಯಾ," ಅಂದಳು ವೆಲ್ಡಾ, ಕುರ್ಚಿಯಿಂದ ಏಳದೆ. "ನಿಮ್ಮ ಆಫೀಸಲ್ಲಿ ಅದು ಯಾವ ಕಡೆ ನೇತಾಡ್ತಿದೆ ಅಂತ ನೋಡ್ಕೊಂಡು ಬಾ. ಆಮೇಲೆ ಕೇಳೋಣ."

ಹನ್ನೊಂದು ತಿಂಗಳಿಗೆ ಅವಳನ್ನು ಆ ಕುರ್ಚಿಯಿಂದ ಎಬ್ಬಿಸಿ ಕಳಿಸಿದರು. ಅಷ್ಟರಲ್ಲಿ ಅವಳು ನೂರಾ ಏಳು ಜನರನ್ನು ಡಾಕ್ಟರ ಹತ್ತಿರ ಕಳಿಸಿದ್ದಳು. ಚೀಲ ತುಂಬದೆ ಖಾಲಿ ಬಿದ್ದ ಐಸ್ ಪೆಟ್ಟಿಗೆಯಲ್ಲಿ ಅವಳು ಮಧ್ಯಾಹ್ನದ ಬುತ್ತಿ ಇಟ್ಟುಕೊಳ್ಳುತ್ತಿದ್ದಳು.